ಅಪ್ಪನ ಹಳೆಯ ಬೀಟಲ್ ಕಾರನ್ನು ಎಲೆಕ್ಟ್ರಿಕ್ ಮಾಡಿಸಬಹುದೇ?

ಪ್ರಶ್ನೆ: ನಮ್ಮ ತಂದೆಯವರು ಬಿಟ್ಟುಹೋದ 1966ರ ಫೋಕ್ಸ್‌ವ್ಯಾಗನ್ ಬೀಟಲ್ 1300 ಕಾರು ನಮ್ಮಲ್ಲಿದೆ. ಇಂಜಿನ್ ನೀಲಿ ಹೊಗೆ ಬಿಡುತ್ತಿದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಮಾರಲು ಮನಸ್ಸಿಲ್ಲ. ಎಲೆಕ್ಟ್ರಿಕ್ ಮಾಡಿಸಿಬಿಟ್ಟರೆ ದಿನಾ ಆಫೀಸಿಗೆ ಅದರಲ್ಲೇ ಹೋಗಬಹುದು ಅನ್ನಿಸುತ್ತಿದೆ. ಹೋಗಿಬರಲು ಒಟ್ಟು 40 ಕಿ.ಮೀ. ಆಗುತ್ತದೆ. ವರ್ಷಕ್ಕೆ ಮೂರ್ನಾಲ್ಕು ಸಲ ಮನೆಯವರೆಲ್ಲ ಸೇರಿ 250 ಕಿ.ಮೀ. ದೂರದ ಊರಿಗೆ ಹೋಗುತ್ತೇವೆ. ಪೆಟ್ರೋಲ್ ಉಳಿತಾಯದಿಂದ ಹಾಕಿದ ದುಡ್ಡು ವಾಪಸ್ ಬರುತ್ತದೆಯೇ? ಖರ್ಚು ಯಾವ್ಯಾವುದಕ್ಕೆ ಆಗುತ್ತದೆ? ಕಾರಿನ ಹಳೆಯ ಬೆಲೆ, ಮಾನ್ಯತೆ ಹೋಗಿಬಿಡುತ್ತದೆಯೇ?

ಉತ್ತರ: ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ದಿನದ 40 ಕಿ.ಮೀ. ಓಡಾಟಕ್ಕೆ ಬೀಟಲ್ ಅನ್ನು ಎಲೆಕ್ಟ್ರಿಕ್ ಮಾಡಿಸಬಹುದು, ಚೆನ್ನಾಗಿಯೇ ಓಡುತ್ತದೆ. ಅದೇ ಕಾರಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು 250 ಕಿ.ಮೀ. ಹೋಗುವ ಆಸೆಯನ್ನು ಮಾತ್ರ ಬಿಡಬೇಕು. ಪೆಟ್ರೋಲ್ ಉಳಿತಾಯ ಒಂದರಿಂದಲೇ ಹಾಕಿದ ಅಸಲು ಹುಟ್ಟುವುದಿಲ್ಲ. ಕಾರಿನ ಮಾನ್ಯತೆಯ ವಿಷಯ ನೀವು ಕೆಲಸವನ್ನು ಹೇಗೆ ಮಾಡಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಹೊಗೆ ಬಿಡುವ ಆ ಇಂಜಿನ್ನನ್ನು ಯಾರು ಎಷ್ಟೇ ಕೊಡುತ್ತೇನೆಂದರೂ ಮಾರಬೇಡಿ.

ಎಲೆಕ್ಟ್ರಿಕ್ ಮಾತಿಗೆ ಹೋಗುವ ಮೊದಲು ಇಂಜಿನ್ನಿಗೆ ನಿಜವಾಗಿ ಏನಾಗಿದೆ ಎಂದು ತಿಳಿದುಕೊಳ್ಳಿ. ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ, ಅಂದರೆ ಪಿಸ್ಟನ್ ರಿಂಗ್ ಸವೆದಿರಬೇಕು, ಇಲ್ಲವೇ ವಾಲ್ವ್ ಗೈಡ್ ಸಡಿಲವಾಗಿರಬೇಕು. ಇಂಜಿನ್ ನಿಲ್ಲಿಸಿ, ಹಿಂದಿನ ಮುಚ್ಚಳ ಎತ್ತಿ, ಫ್ಯಾನ್ ಬೆಲ್ಟ್ ತಿರುಗಿಸುವ ಕೆಳಗಿನ ದೊಡ್ಡ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆದು, ಮತ್ತೆ ಒಳಕ್ಕೆ ತಳ್ಳಿ ನೋಡಿ. ಸುಸ್ಥಿತಿಯ ಇಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಹೀಗೆ ಹಿಂದೆಮುಂದೆ ಆಡುವುದು 0.07ರಿಂದ 0.13 ಮಿ.ಮೀ. ಅಷ್ಟೇ. 0.15 ಮಿ.ಮೀ. ಅದರ ಕೊನೆಯ ಮಿತಿ. ಕೈಗೆ ‘ಟಕ್’ ಎಂದು ಗೊತ್ತಾಗುವಷ್ಟು ಆಡಿದರೆ ಒಳಗಿನ ಮೇನ್ ಬೇರಿಂಗ್ ಅಥವಾ ಇಂಜಿನ್ ಕೇಸ್ ಸವೆದಿದೆ, ಕೆಲಸ ದೊಡ್ಡದು. ಆಡದಿದ್ದರೆ ಸಮಾಧಾನ ಪಡಿ. ಈ ಇಂಜಿನ್ನಿನ ನಾಲ್ಕು ಸಿಲಿಂಡರ್‌ಗಳೂ ಬಿಡಿಬಿಡಿಯಾಗಿರುತ್ತವೆ. ರೀಬೋರ್ ಮಾಡಿಸುವ ಗೋಜಿಲ್ಲದೆ ಪಿಸ್ಟನ್ ಸಮೇತ ಹೊಸ ಸೆಟ್ ಹಾಕಿಬಿಡಬಹುದು. ಬಿಡಿಭಾಗಗಳು ಇವತ್ತಿಗೂ ತಯಾರಾಗುತ್ತಿವೆ. ಇಡೀ ಇಂಜಿನ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದು ನಾಲ್ಕೇ ನಾಲ್ಕು ಬೋಲ್ಟುಗಳಿಂದ. ಪೂರ್ತಿ ಬಿಚ್ಚಿ ಕಟ್ಟಿಸಿದರೂ ಎಲೆಕ್ಟ್ರಿಕ್ ಪರಿವರ್ತನೆಗೆ ಅದರ ಹಲವು ಪಟ್ಟು ಖರ್ಚಾಗುತ್ತದೆ. ಹಾಗಾಗಿ ‘ಇಂಜಿನ್ ಕೆಟ್ಟಿದೆ’ ಎಂಬ ಒಂದೇ ಕಾರಣ ಇಷ್ಟು ದೊಡ್ಡ ಹೆಜ್ಜೆಗೆ ಸಾಲದು.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಮೋಟಾರು ಹಾಕಿಸಿದರೆ ಇಂಜಿನ್ನಿನ ತೊಂದರೆ ಹೋಗುತ್ತದೆ, ಉಳಿದ ಕಾರು ಎಷ್ಟು ಹಳೆಯದೋ ಅಷ್ಟೇ ಹಳೆಯದಾಗಿ ಉಳಿಯುತ್ತದೆ. ಬೀಟಲ್‌ನಲ್ಲಿ ಬಾಗಿಲಿನ ಕೆಳಗೆ ಎರಡೂ ಬದಿ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗವಿದೆ. ಇಂಜಿನ್ನಿನ ಬಿಸಿಗಾಳಿ ಮುಂದಿನ ಗಾಜಿನವರೆಗೆ ಹೋಗುವುದು ಅದರೊಳಗಿನಿಂದಲೇ. ಕಾರಿನ ಮೈಕಟ್ಟಿಗೆ ಬಲ ಕೊಡುವುದೂ ಅದೇ. ತುಕ್ಕು ಮೊದಲು ಕೂರುವ ಜಾಗವೂ ಅದೇ, ಅದರ ಜೊತೆಗೆ ಹಿಂದಿನ ಸೀಟಿನ ಕೆಳಗೆ ಹಳೆಯ ಬ್ಯಾಟರಿ ಇರುವ ತಳದ ತಗಡು. ಸಣ್ಣ ಸ್ಕ್ರೂಡ್ರೈವರ್ ಹಿಡಿದು ಅಲ್ಲೆಲ್ಲ ಒತ್ತಿ ನೋಡಿ. ತಗಡು ಒಳಕ್ಕೆ ಹೋದರೆ ನಿಮ್ಮ ಮೊದಲ ಖರ್ಚು ವೆಲ್ಡಿಂಗು, ಬ್ಯಾಟರಿಯ ಮಾತು ಆಮೇಲೆ. ತುಕ್ಕು ತಿಂದ ತಳದ ಮೇಲೆ ನೂರೈವತ್ತು ಕೆ.ಜಿ. ಬ್ಯಾಟರಿ ಕೂರಿಸುವುದು ಅಪಾಯ. ಇದರಲ್ಲಿ ರಾಜಿಯ ಮಾತೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಪೆಟ್ರೋಲ್ ಮತ್ತು ಕರೆಂಟಿನ ದರ ಊರಿಂದ ಊರಿಗೆ ಬೇರೆ. ಆದ್ದರಿಂದ ಲೀಟರ್ ಮತ್ತು ಯೂನಿಟ್‌ನಲ್ಲಿ ಹೇಳುತ್ತೇನೆ, ದರ ನೀವು ಹಾಕಿಕೊಳ್ಳಿ. ನಿಮ್ಮ ಬೀಟಲ್ ಲೀಟರಿಗೆ 12 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ಎಲೆಕ್ಟ್ರಿಕ್ ಆದ ಮೇಲೆ, ಚಾರ್ಜಿಂಗ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿ, ಮನೆಯ ಮೀಟರಿನ ಒಂದು ಯೂನಿಟ್ಟಿಗೆ (ಒಂದು ಕಿಲೋವ್ಯಾಟ್ ಅವರ್, ಬ್ಯಾಟರಿಯ ಸಾಮರ್ಥ್ಯವನ್ನು ಅಳೆಯುವುದೂ ಇದರಲ್ಲೇ) ಸುಮಾರು 6 ಕಿ.ಮೀ. ಸಿಗುತ್ತದೆ. ದಿನಕ್ಕೆ 40 ಕಿ.ಮೀ.ನಂತೆ ವರ್ಷಕ್ಕೆ 250 ದಿನ ಓಡಿಸಿದರೆ 10,000 ಕಿ.ಮೀ. ಅದಕ್ಕೆ ಪೆಟ್ರೋಲ್ ಸುಮಾರು 830 ಲೀಟರ್, ಕರೆಂಟು ಸುಮಾರು 1,670 ಯೂನಿಟ್. ಎರಡರ ವ್ಯತ್ಯಾಸವೇ ನಿಮ್ಮ ವರ್ಷದ ಉಳಿತಾಯ, ಜೊತೆಗೆ ಎಣ್ಣೆ ಬದಲಾವಣೆ, ಟ್ಯೂನಿಂಗ್, ವಾಲ್ವ್ ಹೊಂದಿಸುವುದು ತಪ್ಪುತ್ತದೆ. ವರ್ಕ್‌ಶಾಪ್ ಕೊಟ್ಟ ಒಟ್ಟು ಅಂದಾಜನ್ನು ಈ ಮೊತ್ತದಿಂದ ಭಾಗಿಸಿ. ಬರುವ ವರ್ಷಗಳ ಸಂಖ್ಯೆ ಸಾಮಾನ್ಯವಾಗಿ ಬ್ಯಾಟರಿಯ ಆಯಸ್ಸಿಗಿಂತ ದೊಡ್ಡದೇ ಇರುತ್ತದೆ. ಇದೇ ಕಾರನ್ನು ರಜಾದಿನಗಳಲ್ಲಿ ಮಾತ್ರ ತೆಗೆದು ವರ್ಷಕ್ಕೆ 3,000 ಕಿ.ಮೀ. ಓಡಿಸುವವರಾದರೆ 250 ಲೀಟರಿನ ಎದುರು 500 ಯೂನಿಟ್. ಅಂಥವರಿಗೆ ಉಳಿತಾಯದ ಮಾತನ್ನು ಎತ್ತುವುದೇ ಬೇಡ.

ಪರಿಸರದ ಲೆಕ್ಕವೂ ಓಡಾಟದ ಮೇಲೆಯೇ ನಿಲ್ಲುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹೊಸ ಲಿಥಿಯಂ ಬ್ಯಾಟರಿ ತಯಾರಿಸುವಾಗ, ಅದರ ಒಂದೊಂದು ಯೂನಿಟ್ ಸಾಮರ್ಥ್ಯಕ್ಕೂ 60ರಿಂದ 100 ಕೆ.ಜಿ. ಹೊರಬೀಳುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. 20 ಯೂನಿಟ್ ಬ್ಯಾಟರಿಗೆ 1,200ರಿಂದ 2,000 ಕೆ.ಜಿ. ಆಯಿತು. ಒಂದು ಯೂನಿಟ್ ಕರೆಂಟು ಉತ್ಪಾದಿಸಲು ಅರ್ಧ ಕೆ.ಜಿ. ಎಂದು ಹಿಡಿದರೆ, 10,000 ಕಿ.ಮೀ. ಓಡುವ ನಿಮ್ಮ ಕಾರು ಆ ಸಾಲವನ್ನು ಒಂದೆರಡು ವರ್ಷದಲ್ಲಿ ತೀರಿಸುತ್ತದೆ. 3,000 ಕಿ.ಮೀ. ಓಡುವ ಕಾರಿಗೆ ನಾಲ್ಕರಿಂದ ಆರು ವರ್ಷ ಬೇಕು. ಪೂರ್ತಿ ಕಲ್ಲಿದ್ದಲಿನಿಂದ ಬರುವ ಕರೆಂಟಾದರೆ ಇನ್ನೂ ತಡ. ಇದರಾಚೆಗೆ ಒಂದು ಲಾಭವಂತೂ ಮೊದಲ ದಿನದಿಂದಲೇ ಇದೆ. ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ, ಕಾರ್ಬ್ಯುರೇಟರ್ ಇಂಜಿನ್ನಿನ ಹೊಗೆ ಇವತ್ತಿನ ಪೆಟ್ರೋಲ್ ಕಾರಿನ ಹೊಗೆಗಿಂತ ಬಹಳ ಕೆಟ್ಟದ್ದು. ದಿನಾ ಬೆಳಿಗ್ಗೆ ಮಕ್ಕಳು ಶಾಲೆಗೆ ನಡೆದುಹೋಗುವ ಬೀದಿಯಲ್ಲಿ ಅದು ನಿಲ್ಲುವುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂಬುದು ಈ ಇಡೀ ಕೆಲಸದ ಕೀಲಕ. ಬೆಲೆ, ತೂಕ, ಬ್ರೇಕು, ಕಾರು ತಿರುವಿನಲ್ಲಿ ನಡೆದುಕೊಳ್ಳುವ ರೀತಿ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಬೀಟಲ್ ನೋಡಲು ದುಂಡಗಿದ್ದರೂ ಗಾಳಿ ಸೀಳುವುದರಲ್ಲಿ ಜಾಣ ಕಾರಲ್ಲ, ಅದರ ಡ್ರ್ಯಾಗ್ ಗುಣಾಂಕ 0.48ರ ಆಸುಪಾಸು. ಲೆಕ್ಕ ಹಾಕಿದರೆ, ಸಮತಟ್ಟಾದ ರಸ್ತೆಯಲ್ಲಿ ನಿಲ್ಲದೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ 100 ಕಿ.ಮೀ.ಗೆ ಸುಮಾರು 9 ಯೂನಿಟ್ ಸಾಕು. ವೇಗ 100 ಆದ ಕೂಡಲೇ ಅದು 17ಕ್ಕೆ ಏರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. 20 ಯೂನಿಟ್ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 18 ಎಂದುಕೊಂಡರೆ, ಹೆದ್ದಾರಿಯ ವೇಗದಲ್ಲಿ 100 ಕಿ.ಮೀ. ದಾಟುವಷ್ಟರಲ್ಲಿ ಬರಿದು. ನಿಮ್ಮ ಆಫೀಸಿನ ದಾರಿಗೆ, ಸಿಗ್ನಲ್ಲು, ಏರು ಎಲ್ಲ ಸೇರಿ 6 ಯೂನಿಟ್ ಸಾಕು. 3.3 ಕಿಲೋವ್ಯಾಟ್ ಚಾರ್ಜರ್ ಇದ್ದರೆ ಎರಡು ಗಂಟೆಯಲ್ಲಿ ಅದು ತುಂಬಿಕೊಳ್ಳುತ್ತದೆ.

‘ಹಾಗಾದರೆ ಎರಡು ಪಟ್ಟು ಬ್ಯಾಟರಿ ಹಾಕಿಸೋಣ, ಊರಿಗೂ ಹೋಗಬಹುದು’ ಎಂದು ನಿಮಗೆ ಅನ್ನಿಸಬಹುದು. ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. 2019ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯೇ ಇಕ್ಲಾಸಿಕ್ಸ್ ಎಂಬ ಸಂಸ್ಥೆಯ ಜೊತೆ ಸೇರಿ ಹಳೆಯ ಬೀಟಲ್‌ಗೆ ತನ್ನ ಇ-ಅಪ್ ಎಂಬ ಎಲೆಕ್ಟ್ರಿಕ್ ಕಾರಿನ ಮೋಟಾರು, ಗೇರು, ಬ್ಯಾಟರಿ ಹಾಕಿ ತೋರಿಸಿತು. 60 ಕಿಲೋವ್ಯಾಟ್ ಮೋಟಾರು, 36.8 ಯೂನಿಟ್ ಬ್ಯಾಟರಿ. ಕಾರು ತಯಾರಿಸಿದ ಕಂಪನಿಯೇ ಕೈಹಾಕಿದರೂ ಸಿಕ್ಕ ದೂರ ಸುಮಾರು 200 ಕಿ.ಮೀ., ಕಾರಿನ ತೂಕ 1,280 ಕೆ.ಜಿ. ಮೂಲ ಬೀಟಲ್ ಸುಮಾರು 800 ಕೆ.ಜಿ.ಯ ಕಾರು, ಜನ, ಸಾಮಾನು ಸೇರಿ ಅದು ಹೊರಬಹುದಾದದ್ದು ಇನ್ನೊಂದು 380 ಕೆ.ಜಿ. ಅಂದರೆ ಆ ಪ್ರದರ್ಶನದ ಕಾರು ಖಾಲಿ ಇದ್ದಾಗಲೇ ಹಳೆಯ ಕಾರು ತುಂಬಿದಾಗಿನ ತೂಕವನ್ನು ಮೀರಿದೆ. ಅದಕ್ಕಾಗಿ ಅವರು ಕಾರಿನ ತಳಭಾಗವನ್ನೂ ಬ್ರೇಕನ್ನೂ ಬಲಪಡಿಸಬೇಕಾಯಿತು. ದೊಡ್ಡ ಬ್ಯಾಟರಿಯ ಜೊತೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಬ್ರೇಕು, ಟೈರು, ಕೊನೆಗೆ ಅನುಮತಿ ಪತ್ರದವರೆಗೆ ಎಲ್ಲವೂ ದೊಡ್ಡದಾಗುತ್ತ ಹೋಗುತ್ತವೆ. ವರ್ಷಕ್ಕೆ ನಾಲ್ಕು ದಿನದ ಪ್ರಯಾಣಕ್ಕಾಗಿ ಉಳಿದ ದಿನಗಳೆಲ್ಲ ಆ ಭಾರ ಹೊತ್ತು ತಿರುಗಬೇಕು. ಆ ನಾಲ್ಕು ಸಲ ಬೇರೆ ಕಾರು ಬಾಡಿಗೆಗೆ ಪಡೆಯಿರಿ.

20 ಯೂನಿಟ್ಟಿನ ಬ್ಯಾಟರಿಯಾದರೆ ಪೆಟ್ಟಿಗೆ ಸಮೇತ 130ರಿಂದ 150 ಕೆ.ಜಿ. ತೂಗುತ್ತದೆ. ಇಂಜಿನ್, ಸೈಲೆನ್ಸರ್, ಪೆಟ್ರೋಲ್ ತುಂಬಿದ ಟ್ಯಾಂಕ್ ಹೋದಮೇಲೆ ಒಟ್ಟಾರೆ ಹೆಚ್ಚುವ ಭಾರ ನೂರು ಕೆ.ಜಿ.ಯೊಳಗೆ ನಿಲ್ಲಿಸಬಹುದು. ಆ ಭಾರವನ್ನು ಎಲ್ಲಿ ಇಡುತ್ತಾರೆ ಎಂದು ಕೇಳಿ. ಇಂಜಿನ್ ಇದ್ದ ಜಾಗ ಖಾಲಿ ಕಾಣುತ್ತದೆ, ಹಾಗಾಗಿ ಅಲ್ಲೇ ಮೋಟಾರಿನ ಮೇಲೆ ಬ್ಯಾಟರಿ ಪೇರಿಸುವ ಆಸೆ ಎಲ್ಲ ವರ್ಕ್‌ಶಾಪುಗಳಿಗೂ ಬರುತ್ತದೆ. ಅದು ತಪ್ಪು ಜಾಗ. 1966ರ ಬೀಟಲ್‌ನ ಹಿಂದಿನ ಆಕ್ಸಲ್ ಸ್ವಿಂಗ್ ಆಕ್ಸಲ್ ಮಾದರಿಯದು. ತಿರುವಿನಲ್ಲಿ ಹಿಂಭಾಗ ಮೇಲೆದ್ದರೆ ಚಕ್ರ ಒಳಮುಖವಾಗಿ ಮಡಚಿಕೊಂಡು ಹಿಡಿತ ಬಿಡುತ್ತದೆ. ಹಿಂದೆ ಭಾರ ಹೆಚ್ಚಿದಷ್ಟೂ ಈ ಗುಣ ಕೆಡುತ್ತದೆ. ಪೆಟ್ರೋಲ್ ಟ್ಯಾಂಕ್ ಇದ್ದ ಮುಂದಿನ ಜಾಗ, ಹಿಂದಿನ ಸೀಟಿನ ಕೆಳಗಿನ ಜಾಗ, ಇವೆರಡರಲ್ಲಿ ಹಂಚಿದರೆ ಕಾರು ಮೊದಲಿಗಿಂತ ಚೆನ್ನಾಗಿ ನಿಲ್ಲುತ್ತದೆ. ಮುಂದೆ ಇಟ್ಟರೆ ಗುದ್ದಿದಾಗ ಪೆಟ್ಟು ಬೀಳುವ ಜಾಗದಲ್ಲೇ ಬ್ಯಾಟರಿ ಇರುತ್ತದೆ ಎಂಬುದೂ ನಿಜ. ಅದಕ್ಕೇ ಪೆಟ್ಟಿಗೆ ಗಟ್ಟಿ ಲೋಹದ್ದಾಗಿರಬೇಕು, ತೆಳು ತಗಡಿಗಲ್ಲದೆ ಚಾಸಿಗೇ ಬೋಲ್ಟ್ ಆಗಿರಬೇಕು, ಒಳಗೆ ಸೆಲ್ ಕೆಟ್ಟು ಹೊಗೆ ಬಂದರೆ ಅದು ಕೂತವರ ಕಡೆಗೆ ಬರದೆ ಕಾರಿನ ಹೊರಗೆ ಹೋಗುವ ದಾರಿ ಇರಬೇಕು.

ಖರ್ಚಿನ ಬಾಬ್ತುಗಳಲ್ಲಿ ದೊಡ್ಡದು ಬ್ಯಾಟರಿಯೇ. ಎಲ್ಲ ಹೊಸ ಸಾಮಾನೇ ಹಾಕಿಸಿದರೆ ಸಾಮಾನಿನ ದುಡ್ಡಿನಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಅದಕ್ಕೇ ಹೋಗಬಹುದು. ಆಮೇಲೆ ಮೋಟಾರು ಮತ್ತು ಅದಕ್ಕೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್. ಇವೆರಡರ ಬೆಲೆ ಎಲ್ಲರೂ ಕೇಳಿಕೊಂಡೇ ಬರುತ್ತಾರೆ. ಎಡವುವುದು ಪಟ್ಟಿಯ ಕೆಳಭಾಗದಲ್ಲಿ, ಚಾರ್ಜರ್, 12 ವೋಲ್ಟಿಗೆ ಇಳಿಸುವ ಕನ್ವರ್ಟರ್, ಪ್ರತಿ ಸೆಲ್ ಮೇಲೆ ಕಣ್ಣಿಡುವ ಬಿಎಂಎಸ್, ಬ್ಯಾಟರಿಯನ್ನು ಸೇರಿಸಿ ಬಿಡಿಸುವ ದೊಡ್ಡ ಸ್ವಿಚ್ಚುಗಳಾದ ಕಾಂಟ್ಯಾಕ್ಟರ್‌ಗಳು, ಫ್ಯೂಸು, ಕಿತ್ತಳೆ ಬಣ್ಣದ ದಪ್ಪ ಕೇಬಲ್ಲು, ಬ್ಯಾಟರಿ ಪೆಟ್ಟಿಗೆ ಇವುಗಳಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ ಕೂಲಿಯಲ್ಲಿ. ಬೀಟಲ್‌ಗೆ ಸಿದ್ಧ ಕಿಟ್ ಸಿಗುವುದರಿಂದ ನೀವು ಒಂದಿಷ್ಟು ಬಚಾವ್. ಅಪರೂಪದ ಕಾರಾಗಿದ್ದರೆ ಪ್ರತಿ ಬ್ರಾಕೆಟ್ಟನ್ನೂ ಅಳೆದು, ಕೊರೆದು, ಕೂರಿಸಿ ನೋಡಿ, ಮತ್ತೆ ಬಿಚ್ಚಬೇಕಾಗುತ್ತದೆ. ಆ ಗಂಟೆಗಳ ಲೆಕ್ಕ ಮೊದಲೇ ಕರಾರುವಾಕ್ಕಾಗಿ ಹೇಳುವುದು ಯಾರಿಗೂ ಕಷ್ಟ.

ಉದಾಹರಣೆಗೆ ಮೋಟಾರನ್ನು ಹಳೆಯ ಗೇರ್‌ಬಾಕ್ಸಿಗೆ ಸೇರಿಸುವ ಅಡಾಪ್ಟರ್ ಪ್ಲೇಟ್. ನೋಡಿದರೆ ತೂತು ಕೊರೆದ ಒಂದು ಅಲ್ಯೂಮಿನಿಯಂ ಹಲಗೆ. ಆದರೆ ಮೋಟಾರಿನ ಶಾಫ್ಟ್ ಮತ್ತು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಒಂದೇ ನೇರದಲ್ಲಿ ಬರಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅತ್ತಿತ್ತ ಆದರೂ ಮೊದಲು ಸಣ್ಣ ನಡುಕ ಕಾಣಿಸುತ್ತದೆ, ಆಮೇಲೆ ಶಾಫ್ಟಿನ ಹಲ್ಲು ಸವೆಯುತ್ತದೆ, ಕೊನೆಗೆ ಸೀಲ್ ಹರಿದು ಎಣ್ಣೆ ಮೋಟಾರಿಗೆ ಬರುತ್ತದೆ. ಬೀಟಲ್‌ನಲ್ಲಿ ಆ ಶಾಫ್ಟಿನ ತುದಿಗೆ ಆಸರೆ ಕೊಡುವ ಪುಟ್ಟ ಬೇರಿಂಗ್ ಇರುವುದು ಇಂಜಿನ್ ಕಡೆಯ ದೊಡ್ಡ ನಟ್ಟಿನೊಳಗೆ. ಇಂಜಿನ್ ಹೋದರೆ ಆ ಬೇರಿಂಗೂ ಹೋಗುತ್ತದೆ, ಅಡಾಪ್ಟರಿನಲ್ಲಿ ಅದಕ್ಕೆ ಜಾಗ ಮಾಡಿದ್ದಾರೆಯೇ ಎಂದು ಕೇಳಿ. ಇನ್ನು ಬಲದ ವಿಷಯ. ನಿಮ್ಮ 1300 ಇಂಜಿನ್ ಕೊಡುತ್ತಿದ್ದದ್ದು 40 ಅಶ್ವಶಕ್ತಿ, ಸುಮಾರು 87 ನ್ಯೂಟನ್ ಮೀಟರ್ ತಿರುಚುಬಲ. ಮೊದಲ ತಲೆಮಾರಿನ ನಿಸ್ಸಾನ್ ಲೀಫ್ ಎಂಬ ಎಲೆಕ್ಟ್ರಿಕ್ ಕಾರಿನ ಮೋಟಾರು 280 ಕೊಡುತ್ತದೆ, ಅದೂ ನಿಂತಲ್ಲಿಂದಲೇ. ಕಂಟ್ರೋಲರಿನಲ್ಲಿ ಅದಕ್ಕೆ ಕಡಿವಾಣ ಹಾಕದಿದ್ದರೆ ಅರವತ್ತು ವರ್ಷದ ಗೇರ್‌ಬಾಕ್ಸ್ ಬಹುಕಾಲ ತಾಳುವುದಿಲ್ಲ.

ಬ್ರೇಕಿನ ಬಗ್ಗೆ ನಾನು ಸ್ವಲ್ಪ ಹಟ ಹಿಡಿದೇ ಹೇಳುತ್ತೇನೆ. ನಿಮ್ಮ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಮಾಸ್ಟರ್ ಸಿಲಿಂಡರ್ ಒಂದೇ ಸರ್ಕ್ಯೂಟಿನದು. ಎಲ್ಲಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋದಂತೆ. ಎಲೆಕ್ಟ್ರಿಕ್ ಮಾಡಿಸಲಿ, ಬಿಡಲಿ, ದಿನಾ ಓಡಿಸುವುದಾದರೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಮತ್ತು ಮುಂದೆ ಡಿಸ್ಕ್ ಹಾಕಿಸಿ. ಮೋಟಾರು ತಾನೇ ವೇಗ ತಗ್ಗಿಸಿ ಬ್ಯಾಟರಿಗೆ ಕರೆಂಟು ಹಿಂದಿರುಗಿಸುತ್ತದೆ ಎಂಬುದು ನಿಜ, ಆದರೆ ಅದು ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಮಳೆಯಲ್ಲಿ, ತಿರುವಿನಲ್ಲಿ ಅದನ್ನು ಜೋರಾಗಿ ಇಟ್ಟುಕೊಂಡರೆ ಕಾರಿನ ಹಿಂಭಾಗ ಜಾರುತ್ತದೆ. ಎಬಿಎಸ್ ಇಲ್ಲದ ಕಾರಿಗೆ ಮೆದುವಾದ ಸೆಟ್ಟಿಂಗೇ ಸರಿ. ಜೊತೆಗೆ ಇದೂ ನೆನಪಿರಲಿ, 1966ರ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ತಲೆಗೆ ಆಸರೆ ಇಲ್ಲ, ಗುದ್ದಿದಾಗ ಕುಸಿದುಕೊಂಡು ಎದೆಯನ್ನು ಉಳಿಸುವ ಸ್ಟಿಯರಿಂಗ್ ಕಂಬವೂ ಇಲ್ಲ. ಯಾವ ಮೋಟಾರು ಹಾಕಿದರೂ ಇವು ಬರುವುದಿಲ್ಲ. ನಿಮ್ಮ 40 ಕಿ.ಮೀ. ದಾರಿ ಲಾರಿಗಳು ನುಗ್ಗುವ ಹೆದ್ದಾರಿಯಾಗಿದ್ದರೆ ದಿನಾ ಬೀಟಲ್‌ನಲ್ಲಿ ಹೋಗುವ ಯೋಚನೆಯನ್ನೇ ಕೈಬಿಡಿ ಎನ್ನುತ್ತೇನೆ.

ಸಣ್ಣವೆಂದು ಕಾಣುವ ಕೆಲವು ಖರ್ಚುಗಳೂ ಇವೆ. ಇಂಜಿನ್ ಹೋದರೆ ಹೀಟರೂ ಹೋಗುತ್ತದೆ, ಮುಂದಿನ ಗಾಜಿನ ಮಂಜು ತೆಗೆಯಲು ಎಲೆಕ್ಟ್ರಿಕ್ ಹೀಟರ್ ಬೇಕು. 2 ಕಿಲೋವ್ಯಾಟ್ ಹೀಟರ್ ಹಚ್ಚಿಕೊಂಡು ಟ್ರಾಫಿಕ್ಕಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ತೆವಳಿದರೆ, ಪ್ರತಿ 100 ಕಿ.ಮೀ.ಗೆ ಹೆಚ್ಚುವರಿಯಾಗಿ 6-7 ಯೂನಿಟ್ ಅದೊಂದೇ ತಿನ್ನುತ್ತದೆ. ನಿಮ್ಮ ಕಾರಿನ ಮೂಲ ವೈರಿಂಗ್ 6 ವೋಲ್ಟಿನದು, ಅದು 12 ವೋಲ್ಟಿಗೆ ಬದಲಾಗಬೇಕು. ಬಲ್ಬು, ಹಾರ್ನು, ವೈಪರ್ ಮೋಟಾರು ಎಲ್ಲ ಸೇರಿ. ಚಳಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವ ಕಡೆಯಾದರೆ ಬ್ಯಾಟರಿಗೂ ಹೀಟರ್ ಬೇಕು, ಅಷ್ಟು ತಣ್ಣಗಿರುವಾಗ ಲಿಥಿಯಂ ಸೆಲ್ ಚಾರ್ಜ್ ಮಾಡಿದರೆ ಒಳಗೆ ಲೋಹದ ಪದರ ಕಟ್ಟಿ ಶಾಶ್ವತವಾಗಿ ಹಾಳಾಗುತ್ತದೆ. ಸ್ಪೀಡೋಮೀಟರ್ ಮಾತ್ರ ಏನೂ ಮಾಡದೆಯೇ ಕೆಲಸ ಮಾಡುತ್ತಿರುತ್ತದೆ. ಬೀಟಲ್‌ನಲ್ಲಿ ಅದರ ಕೇಬಲ್ ಬರುವುದು ಮುಂದಿನ ಎಡ ಚಕ್ರದಿಂದ.

ಅಪಘಾತಕ್ಕೆ ಸಿಕ್ಕ ಎಲೆಕ್ಟ್ರಿಕ್ ಕಾರಿನ ಸಾಮಾನು ತಂದು ಹಾಕಿದರೆ ಖರ್ಚು ಗಣನೀಯವಾಗಿ ಇಳಿಯುತ್ತದೆ, ಹೊಸ ಬ್ಯಾಟರಿ ತಯಾರಿಕೆಯ ಹೊರೆಯೂ ತಪ್ಪುತ್ತದೆ. ಲೀಫ್‌ನ ಮೊದಲ ಬ್ಯಾಟರಿ 24 ಯೂನಿಟ್ಟಿನದು, 48 ಮಾಡ್ಯೂಲ್, ಒಂದೊಂದು ನಾಲ್ಕು ಕೆ.ಜಿ.ಯೊಳಗೆ, ದ್ರವ ತಂಪುಕಾರಿಯ ಪೈಪುಗಳಿಲ್ಲ. ಅದಕ್ಕೇ ಪರಿವರ್ತನೆ ಮಾಡುವವರಿಗೆ ಅದು ಅಚ್ಚುಮೆಚ್ಚು. ಆದರೆ ತಂಪುಗೊಳಿಸುವ ವ್ಯವಸ್ಥೆ ಇಲ್ಲದ್ದರಿಂದಲೇ ಸೆಕೆಯ ಊರುಗಳಲ್ಲಿ ಅವು ಬೇಗ ಸೊರಗುತ್ತವೆ. ವೋಲ್ಟೇಜ್ ಸರಿಯಿದೆ ಎಂದು ಮೀಟರ್ ಹಿಡಿದು ತೋರಿಸಿದರೆ ನಂಬಬೇಡಿ. ಪೂರ್ತಿ ಚಾರ್ಜ್ ಮಾಡಿ, ಪೂರ್ತಿ ಇಳಿಸಿ, ಎಷ್ಟು ಯೂನಿಟ್ ಹೊರಬಂತು ಎಂದು ಅಳೆದು ಬರೆದುಕೊಡಲಿ. ಹೊಸದನ್ನೇ ಕೊಳ್ಳುವುದಾದರೆ ನಿಮ್ಮ ಬಳಕೆಗೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಸೆಲ್ ಒಳ್ಳೆಯದು. ಸ್ವಲ್ಪ ಭಾರ ಹೆಚ್ಚು, ಆದರೆ ಬಾಳಿಕೆ ಹೆಚ್ಚು, ಬೆಂಕಿಯ ಭಯ ಕಡಿಮೆ.

ಇನ್ನು ಅಂದಾಜು ಪಟ್ಟಿಯಲ್ಲಿ ಯಾರೂ ಬರೆಯದ ಖರ್ಚಿನ ಮಾತು. ನಿಮ್ಮ ಮನಸ್ಸಿನಲ್ಲಿ ಇದು ಉಳಿಯಲಿ ಎಂಬುದು ನನ್ನ ಆಸೆ. ಇವತ್ತು ನಿಮ್ಮ ಬೀಟಲ್ ದಾರಿಯಲ್ಲಿ ನಿಂತರೆ, ಹಳೆಯ ಕಾಲದ ಯಾವ ಮೆಕ್ಯಾನಿಕ್ ಆದರೂ ಪ್ಲಗ್ ಬಿಚ್ಚಿ, ಕಾರ್ಬ್ಯುರೇಟರ್ ಊದಿ ಹೊರಡಿಸಿ ಕಳಿಸುತ್ತಾನೆ. 2 ಕೋಟಿಗೂ ಹೆಚ್ಚು ತಯಾರಾಗಿ, 2003ರವರೆಗೂ ಕಾರ್ಖಾನೆಯಿಂದ ಹೊರಬಂದ ಕಾರು ಅದು. ಅದರ ವಿದ್ಯೆ ಲೋಕವೆಲ್ಲ ಹರಡಿದೆ. ಎಲೆಕ್ಟ್ರಿಕ್ ಮಾಡಿಸಿದ ದಿನದಿಂದ ಅದು ಜಗತ್ತಿನಲ್ಲಿ ಒಂದೇ ಒಂದು ಇರುವ ಕಾರಾಗುತ್ತದೆ. ಯಾವ ವೈರ್ ಎಲ್ಲಿಗೆ ಹೋಗಿದೆ, ಕಂಟ್ರೋಲರಿನೊಳಗೆ ಯಾವ ಸೆಟ್ಟಿಂಗ್ ಇದೆ, ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತವೆ ಎಂಬುದು ಅದನ್ನು ಕಟ್ಟಿದವರಿಗೆ ಮಾತ್ರ ಗೊತ್ತು. ಹತ್ತು ವರ್ಷದ ಮೇಲೆ ಆ ವರ್ಕ್‌ಶಾಪ್ ಇಲ್ಲದಿರಬಹುದು, ಆ ಕಂಟ್ರೋಲರ್ ತಯಾರಿಕೆ ನಿಂತಿರಬಹುದು. ಅಷ್ಟರಲ್ಲಿ ಬ್ಯಾಟರಿಯೂ ಸೊರಗಿರುತ್ತದೆ. ಸಣ್ಣ ತೊಂದರೆಯೂ ಆಗ ದೊಡ್ಡದಾಗುತ್ತದೆ. ಕಾಂಟ್ಯಾಕ್ಟರನ್ನೇ ನೋಡಿ. ಕೀಲಿ ತಿರುಗಿಸಿದಾಗ ಬ್ಯಾಟರಿಯನ್ನು ಕಂಟ್ರೋಲರಿಗೆ ಸೇರಿಸುವ ದೊಡ್ಡ ಸ್ವಿಚ್ಚು ಅದು. ಸೇರಿಸುವ ಮೊದಲು ಒಂದು ಪ್ರೀಚಾರ್ಜ್ ರೆಸಿಸ್ಟರ್ ಮೂಲಕ ಕಂಟ್ರೋಲರಿನ ಕೆಪಾಸಿಟರನ್ನು ನಿಧಾನಕ್ಕೆ ತುಂಬಬೇಕು. ಆ ಪುಟ್ಟ ರೆಸಿಸ್ಟರ್ ಸುಟ್ಟುಹೋಗಿದ್ದು ಗೊತ್ತಾಗದೆ ಹಾಗೇ ಓಡಿಸಿದರೆ ಪ್ರತಿ ಸಲವೂ ಕಿಡಿ ಹಾರಿ ಕಾಂಟ್ಯಾಕ್ಟರಿನ ಮೂತಿಗಳು ಬೆಸೆದುಕೊಳ್ಳುತ್ತವೆ. ಆಮೇಲೆ ಕೀಲಿ ತೆಗೆದರೂ ನೂರಾರು ವೋಲ್ಟ್ ಜೀವಂತವಾಗಿರುತ್ತದೆ. ನೇರ ವಿದ್ಯುತ್ತು 60 ವೋಲ್ಟ್ ದಾಟಿದರೆ ಅಪಾಯದ ವರ್ಗಕ್ಕೆ ಸೇರುತ್ತದೆ. ಗೊತ್ತಿಲ್ಲದ ಮೆಕ್ಯಾನಿಕ್ ಅಂಥ ಕಾರಿಗೆ ಕೈಹಾಕುವುದು ಜೀವದ ಪ್ರಶ್ನೆ.

ಮಾನ್ಯತೆಯ ವಿಷಯದಲ್ಲಿ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ತನ್ನ ನಿಲುವನ್ನು ಸ್ಪಷ್ಟವಾಗಿಯೇ ಹೇಳಿದೆ. ಎಲೆಕ್ಟ್ರಿಕ್ ಮಾಡಿದ ಕಾರನ್ನು ಅದು ಐತಿಹಾಸಿಕ ವಾಹನವೆಂದು ಪರಿಗಣಿಸುವುದಿಲ್ಲ. ಮಾಡಲೇಬೇಕೆಂದರೆ ಎಲ್ಲ ಬದಲಾವಣೆಯೂ ಮತ್ತೆ ಹಿಂದಿನಂತೆ ಮಾಡಬಹುದಾದದ್ದಾಗಿರಲಿ, ತೆಗೆದ ಮೂಲ ಭಾಗಗಳನ್ನು ಗುರುತು ಹಾಕಿ ಜೋಪಾನ ಮಾಡಿ ಎನ್ನುತ್ತದೆ. ಅದು ಆಗದ ಕೆಲಸವೇನಲ್ಲ. 2018ರಲ್ಲಿ ಆಸ್ಟನ್ ಮಾರ್ಟಿನ್ ಕಂಪನಿ ತನ್ನ ಹಳೆಯ ಡಿಬಿ6 ಕಾರಿಗೆ ಮೋಟಾರು, ಬ್ಯಾಟರಿ ಎಲ್ಲ ಒಂದೇ ಪೆಟ್ಟಿಗೆಯಾಗಿ ಮಾಡಿ, ಮೂಲ ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂರುತ್ತಿದ್ದ ಆಸರೆಗಳ ಮೇಲೆಯೇ ಕೂರಿಸಿತು. ಬೇಡವೆಂದರೆ ಹೊರತೆಗೆದು ಇಂಜಿನ್ ಹಾಕಬಹುದು. ನಿಮ್ಮ ಕಾರಿನಲ್ಲೂ ಒಂದು ಹೊಸ ತೂತೂ ಕೊರೆಯದೆ, ಇರುವ ಬೋಲ್ಟ್ ಜಾಗಗಳನ್ನೇ ಬಳಸಿ ಮಾಡಲು ಬಹುಮಟ್ಟಿಗೆ ಸಾಧ್ಯವಿದೆ. ತುಸು ಹೆಚ್ಚು ಕೂಲಿ ಬಿದ್ದರೂ ಇಲ್ಲಿ ಜಿಪುಣತನ ಬೇಡ. ಕಾನೂನಿನ ವಿಷಯ ದೇಶದಿಂದ ದೇಶಕ್ಕೆ ಬೇರೆ. ವಿಶ್ವಸಂಸ್ಥೆಯ ಆರ್100 ನಿಯಮ ಪಾಲಿಸುವ ಕಡೆಗಳಲ್ಲಿ ಬ್ಯಾಟರಿಗೆ ಕಂಪನ, ಆಘಾತ, ಬೆಂಕಿಯ ಪರೀಕ್ಷೆಗಳಿವೆ. ನೋಂದಣಿ ಪತ್ರದಲ್ಲಿ ಇಂಧನದ ಹೆಸರು ಬದಲಾಗಬೇಕು, ವಿಮೆಯವರಿಗೆ ತಿಳಿಸಬೇಕು. ಮೊದಲ ಬೋಲ್ಟ್ ಬಿಚ್ಚುವ ಮೊದಲೇ ಸಾರಿಗೆ ಇಲಾಖೆಯಲ್ಲಿ ವಿಚಾರಿಸಿ. ಕೆಲಸ ಮುಗಿಸಿ ಅನುಮತಿ ಸಿಗದೆ ಶೆಡ್ಡಿನಲ್ಲಿ ನಿಂತ ಕಾರುಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಓಡಿಸುವ ಸುಖದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಬೀಟಲ್ ಎಂದರೆ ಅರ್ಧ ಅದರ ಸದ್ದು. ಹಿಂದಿನಿಂದ ಬರುವ ಆ ಒಣ ಗಡಗಡ ದನಿ ಹೋಗುತ್ತದೆ. ಆ ಜಾಗದಲ್ಲಿ ಗೇರಿನ ಕೊರಗು, ಬಾಗಿಲಿನ ಕಿರುಗು, ಗಾಳಿಯ ಸದ್ದು ಮೊದಲ ಸಲ ಕೇಳಿಸುತ್ತವೆ. ಬದಲಿಗೆ ಕೀಲಿ ತಿರುಗಿಸಿದರೆ ಹೊರಡುವ ಕಾರು ಸಿಗುತ್ತದೆ. ಏರಿನಲ್ಲಿ ಏದುಸಿರು ಬಿಡುವುದಿಲ್ಲ, ಸಿಗ್ನಲ್ಲಿನಲ್ಲಿ ಹಿಂದಿನವರ ಹಾರ್ನು ತಪ್ಪುತ್ತದೆ, ಊರೊಳಗೆ ಎರಡು ಅಥವಾ ಮೂರನೇ ಗೇರಿನಲ್ಲೇ ಇಡೀ ದಿನ ಓಡಿಸಬಹುದು. ತಂದೆಯವರ ನೆನಪು ನಿಮಗೆ ಆ ಸದ್ದಿನಲ್ಲಿದೆಯೋ, ಆ ಕಾರಿನ ಸೀಟು, ಸ್ಟಿಯರಿಂಗ್, ಡ್ಯಾಶ್‌ಬೋರ್ಡಿನಲ್ಲಿದೆಯೋ ನೀವೇ ಹೇಳಬೇಕು. ಸದ್ದಿನಲ್ಲಿದ್ದರೆ ಇಂಜಿನ್ ಕಟ್ಟಿಸಿ.

ನನ್ನ ಸಲಹೆ ಹೀಗಿದೆ. ಪುಲ್ಲಿ ಆಡುತ್ತದೆಯೇ, ತಳ ತುಕ್ಕು ಹಿಡಿದಿದೆಯೇ ಎಂದು ಈ ವಾರವೇ ನೋಡಿ. ತುಕ್ಕು ಮತ್ತು ಬ್ರೇಕಿನ ಕೆಲಸ ಯಾವ ದಾರಿ ಹಿಡಿದರೂ ಬೇಕು, ಅದನ್ನು ಮೊದಲು ಮುಗಿಸಿ. ಇಂಜಿನ್ನಿನ ಕೇಸ್ ಗಟ್ಟಿಯಿದ್ದು ವಾರಕ್ಕೊಮ್ಮೆ ಓಡಿಸಿದರೆ ಸಾಕು ಅನ್ನಿಸಿದರೆ, ಹೊಸ ಪಿಸ್ಟನ್ ಸೆಟ್ ಹಾಕಿಸಿ, ಕಿಡಿ ಹೊತ್ತಿಸುವ ಹಳೆಯ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ, ಬೆಳಗಿನ ಸತಾವಣೆ ಬಹುಪಾಲು ಹೋಗುತ್ತದೆ. ನಿಜವಾಗಿಯೂ ದಿನಾ ಓಡಿಸುತ್ತೀರಿ, ದಾರಿ ಊರೊಳಗಿನದು, ರಾತ್ರಿ ಚಾರ್ಜ್ ಮಾಡಲು ಸ್ವಂತ ಜಾಗವಿದೆ ಎಂದಾದರೆ ಧೈರ್ಯವಾಗಿ ಎಲೆಕ್ಟ್ರಿಕ್ ಮಾಡಿಸಿ: ಬ್ಯಾಟರಿ 20 ಯೂನಿಟ್ ಸುಮಾರಿಗೆ ನಿಲ್ಲಲಿ, ಮನೆಯ ಸಾಧಾರಣ ಚಾರ್ಜಿಂಗ್ ಸಾಕು, ಡಿಸಿ ಫಾಸ್ಟ್ ಚಾರ್ಜಿಂಗ್ ಬೇಡ, ಮೂಲ ಗೇರ್‌ಬಾಕ್ಸ್ ಹಾಗೇ ಇರಲಿ. ತೆಗೆದ ಇಂಜಿನ್ನಿನ ಪ್ಲಗ್ ತೂತಿನಲ್ಲಿ ಒಂದೊಂದು ಚಮಚ ಇಂಜಿನ್ ಎಣ್ಣೆ ಬಿಟ್ಟು, ಕೈಯಿಂದ ಎರಡು ಸುತ್ತು ತಿರುಗಿಸಿ, ಎಲ್ಲ ಬಾಯಿಗಳನ್ನೂ ಮುಚ್ಚಿ, ನಂಬರ್ ಕಾಣುವಂತೆ ಫೋಟೊ ತೆಗೆದು ಒಣ ಜಾಗದಲ್ಲಿಡಿ.

ವರ್ಕ್‌ಶಾಪ್ ಆರಿಸುವಾಗ ದರ ಕೇಳುವುದಕ್ಕಿಂತ ಮೊದಲು, ಅವರು ಹಿಂದೆ ಮಾಡಿದ, ಕಡಿಮೆಯೆಂದರೂ ಎರಡು ಮೂರು ವರ್ಷ ಓಡಿದ ಕಾರೊಂದರ ಮಾಲೀಕರ ಜೊತೆ ಮಾತಾಡಿ. ಕೆಲಸ ಮುಗಿದ ದಿನ ನಿಮ್ಮ ಕೈಗೆ ಎರಡು ವಸ್ತು ಬರಬೇಕೆಂದು ಒಪ್ಪಂದದಲ್ಲಿ ಬರೆಸಿ. ಒಂದು, ಬಿಡಿಭಾಗಗಳ ಹೆಸರು, ನಂಬರ್ ಸಮೇತ ಇಡೀ ವೈರಿಂಗ್ ನಕ್ಷೆ. ಇನ್ನೊಂದು, ಕಂಟ್ರೋಲರ್ ಮತ್ತು ಬಿಎಂಎಸ್‌ನ ಎಲ್ಲ ಸೆಟ್ಟಿಂಗ್, ಪಾಸ್‌ವರ್ಡ್ ಇರುವ ಪೆನ್‌ಡ್ರೈವ್. ಇವೆರಡನ್ನು ಕೊಡಲು ಹಿಂದೇಟು ಹಾಕುವ ಕಡೆ ಅಡ್ವಾನ್ಸ್ ಕೊಡಬೇಡಿ.